ಬಾಗಿಲ ಮೇಲಿನ ನಕ್ಷತ್ರ

"ಆ ಮನಿ ಬಿಡ್ರಿ ಅಕ್ಕಾ, ಅಲ್ಲಿ ಯಾರೂ ಇಲ್ಲ" ಎಂದಳು ಎಸ್ತೇರ್, ಚಿತ್ತವಾಡ್ಗಿಯ ತನ್ನದೇ ಮನೆಯ ಮುಂದೆ ನಿಂತು.

ಕ್ರಿಸ್‌ಮಸ್ ಹತ್ತಿರ ಬಂದರೆ ಚರ್ಚಿನ ಹುಡುಗಿಯರ ಹಾಡಿನ ತಂಡ ಓಣಿ ಓಣಿ ತಿರುಗಿ, ನಕ್ಷತ್ರ ಕಟ್ಟಿದ ಮನೆಗಳ ಮುಂದೆಲ್ಲ ನಿಂತು ಹಾಡುತ್ತದೆ. ಎಸ್ತೇರ್ ತಂಡ ಸೇರಿ ವರ್ಷವಾಗುತ್ತ ಬಂದಿದ್ದರೂ ಅವಳ ಮನೆಯನ್ನು ಯಾರೂ ನೋಡಿರಲಿಲ್ಲ. ಪ್ರತಿ ಭಾನುವಾರ ದೊಡ್ಡ ರಸ್ತೆಯಲ್ಲೇ ಆಟೊ ಇಳಿದು, ಗೆಳತಿಯರು ಮರೆಯಾದ ಮೇಲೆ ಈ ತಗಡಿನ ಮನೆಯತ್ತ ಹೆಜ್ಜೆ ಹಾಕುತ್ತಿದ್ದಳು. ತಂಡ ನಮ್ಮ ಓಣಿಗೆ ಬರುವುದಿಲ್ಲವೆಂದು ಅವ್ವನಿಗೂ ಹೇಳಿದ್ದಳು. ಅವ್ವ ಮಾತ್ರ, ಬಂದರೂ ಬರಬಹುದೆಂದು, ಸೀರೆ ಡಬ್ಬದ ರಟ್ಟು ಕತ್ತರಿಸಿ, ಕೆಂಪು ಹಾಳೆ ಅಂಟಿಸಿ, ಒಳಗೊಂದು ಬಲ್ಬ್ ಇಟ್ಟು ಬಾಗಿಲ ಮೇಲೆ ನಕ್ಷತ್ರ ಕಟ್ಟಿದ್ದಳು.

ತಂಡದ ಹಿರಿಯಳು ಸುಗುಣಕ್ಕ ತಲೆಯೆತ್ತಿ ನೋಡಿದಳು. "ಯಾರೂ ಇಲ್ಲಂದ್ರ ನಕ್ಷತ್ರ ಹೆಂಗ ಉರೀತದ?"

"ಆರ್ಸೂದು ಮರ್ತು ಹೋಗ್ಯಾರ್ರಿ. ನಡ್ರಿ, ಹೊತ್ತಾತು."

ಮುಚ್ಚಿದ ಬಾಗಿಲಾಚೆ ಬಳೆಗಳ ಸದ್ದಾಯಿತು. ಹುಡುಗಿಯರೆಲ್ಲ ಅತ್ತ ತಿರುಗಿದರು. ಅವರೆಲ್ಲ ನೋಡುತ್ತಿದ್ದಂತೆಯೇ ಅವ್ವ, ಮಗಳ ಮಾತು ಉಳಿಸಲೆಂದು, ಒಳಗಿನಿಂದ ಸ್ವಿಚ್ ಒತ್ತಿ ನಕ್ಷತ್ರ ಆರಿಸಿದಳು.