ರಾಣಿ ಮುಖದ ಬಿಲ್ಲೆ

ಬಸವಕಲ್ಯಾಣದಲ್ಲಿ ವಸೀಮನಿಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ, ಬೇಕಿದ್ದರೆ ಬರೆದಿಟ್ಟುಕೊಳ್ಳಿ. ಊರಿಗೆಲ್ಲ ಟೋಪಿ ಹಾಕುವವನು ಅವನೇ. ಈ ಸಲ ಅವನ ಕಣ್ಣು ಬಿದ್ದದ್ದು ಹುಮನಾಬಾದಿನ ಮಚ್ಚೇಂದ್ರ ಕಾಕಾನ ಮೇಲೆ. ಕಾಕಾನದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಹುಚ್ಚು ಮಾತ್ರ ವಿಕ್ಟೋರಿಯಾ ರಾಣಿ ಕಾಲದ ಯುದ್ಧಗಳಲ್ಲಿ ಗಾಯಗೊಂಡ ಸಿಪಾಯಿಗಳ ಪದಕ ಕೂಡಿಹಾಕುವುದು.

ರಾಣಿಯ ಮುಖವಿದ್ದ ಅಂಥದೊಂದು ಬೆಳ್ಳಿ ಬಿಲ್ಲೆ ವಸೀಮನ ಮನೆಯಲ್ಲೇ ಇತ್ತು. ಮುತ್ತಜ್ಜನ ಅಪ್ಪ ಬರ್ಮಾ ಲಡಾಯಿಯಲ್ಲಿ ಕಾಲಿಗೆ ಗುಂಡು ತಿಂದೂ ಈ ಬಿಲ್ಲೆ ಹೊತ್ತು ನಡೆದುಕೊಂಡೇ ಮನೆ ಸೇರಿದ್ದನಂತೆ. ಅಂದಿನಿಂದ ಮನೆಯಲ್ಲಿ ಯಾರ ಮೂಳೆ ಮುರಿದರೂ ಪಟ್ಟಿಯ ಮೇಲೆ ಆ ಬಿಲ್ಲೆ ಕಟ್ಟಬೇಕು. ಇಲ್ಲದಿದ್ದರೆ ಮೂಳೆ ಕೂಡುವುದಿಲ್ಲ. ಕೋಟೆ ಗೋಡೆಯಿಂದ ಹಾರಿ ಕಾಲು ಮುರಿದುಕೊಂಡಿದ್ದ ವಸೀಮನಿಗೂ ಚಿಕ್ಕವನಿದ್ದಾಗ ಕಟ್ಟಿದ್ದರು. ಈಗ ಅದು ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿ ಹಜಿರಾ ಬೀಯ ಪ್ಲಾಸ್ಟರಿನ ಮೇಲಿತ್ತು.

ಅಜ್ಜಿ ನೋವಿನ ಗುಳಿಗೆ ನುಂಗಿ ಮಲಗಿದ್ದಾಗ ವಸೀಮ್ ಅದನ್ನು ಬಿಚ್ಚಿ, ಅಕ್ಕಸಾಲಿಯ ಕಡೆಯಿಂದ ನಕಲಿ ಮಾಡಿಸಿದ. ಕಾಕಾನ ಕೈಗೆ ನಕಲಿ ಕೊಟ್ಟು, ಅವನ ಹಿಗ್ಗಿದ ಮುಖವನ್ನು ಮೊಬೈಲಿನಲ್ಲಿ ಹಿಡಿಯಬೇಕು, ಅಷ್ಟೇ ಪ್ಲಾನ್. ನಕಲಿಯನ್ನು ಕಲ್ಲಿಗೆ ತಿಕ್ಕಿದ, ಹೊಗೆ ಹಿಡಿಸಿದ. ಎಷ್ಟು ಚೆಂದ ಹಳೆಯದಾಯಿತೆಂದರೆ, ಎರಡನ್ನೂ ಅಂಗೈಯಲ್ಲಿಟ್ಟು ನೋಡಿದರೆ ಯಾವುದು ಯಾವುದೆಂದು ಅವನಿಗೇ ತಿಳಿಯಲಿಲ್ಲ. ಅಜ್ಜಿ ಏಳುವುದರೊಳಗೆ ಅಸಲಿಯನ್ನು ಅವಳ ಕಾಲಿಗೆ ಕಟ್ಟಲೇಬೇಕು. ಆಟ ಅತ್ತ ಇರಲಿ, ಗುರುತು ಹಿಡಿಯಬಲ್ಲವನು ಈಗ ಕಾಕಾ ಒಬ್ಬನೇ. ಬೈಕು ಹುಮನಾಬಾದಿಗೆ ಹಾರಿತು.

"ಕಾಕಾ, ವಸೀಮ್ ಬಂದಾನಂದ್ರ ಇಂಟರ್ವಲ್ ಇಲ್ಲ, ಸೀದಾ ಕ್ಲೈಮ್ಯಾಕ್ಸ್! ಇವೆರಡ್ರಾಗ ಅಸಲಿ ಯಾವ್ದು, ಹೇಳ್ರಿ ನೋಡೂಣು."

ಕಾಕಾ ಭೂತಗನ್ನಡಿ ಹಿಡಿದು ಅಂಚನ್ನು ತಿರುಗಿಸಿ ನೋಡಿದ. "ಯಾವ್ದೂ ಅಲ್ಲ."

"ಹಾಂ? ಹ್ಯಾಂಗ್ರಿ?"

"ಅಸಲಿ ಇದ್ರ ಅಂಚಿನ ಮ್ಯಾಲ ಸಿಪಾಯಿ ಹೆಸರು ಕೊರದಿರ್ತಾರ, ತಮ್ಮಾ. ಇವೆರಡೂ ಬೋಳು. ಯಾರಿಗ ಯಾಮಾರಿಸಾಕತ್ತಿ?"

ವಸೀಮ್ ಬಿಲ್ಲೆಗಳನ್ನು ಕಿಸೆಗೆ ತುರುಕಿ ಬೈಕು ತಿರುಗಿಸಿದ. ಅಕ್ಕಸಾಲಿ ಬದಲಾಯಿಸಿದನೇ? ಮುತ್ತಜ್ಜನ ಅಪ್ಪ ಬರ್ಮಾಕ್ಕೆ ಹೋಗಿಯೇ ಇರಲಿಲ್ಲವೇ? ಮನೆಗೆ ಬಂದರೆ ಅಜ್ಜಿ ಎದ್ದು ಕುಳಿತು ಪ್ಲಾಸ್ಟರ್ ತಡವುತ್ತಿದ್ದಳು.

"ದಾದಿಮಾ, ನಮ್ಮ ಬಿಲ್ಲಿ ನಕಲಿ ಅಂತ!"

"ಹೌದು, ಮತ್ತ? ನಿರ್ಣಾ ಊರಿನ ಮಹೆಬೂಬ ಕಾಲು ಮುರಕೊಂಡಾಗ ಅಸಲಿ ಕೊಟ್ಟಿದ್ದೆ. ಅವ್ನ ಕಾಲು ಕೂಡ್ತು, ಬಿಲ್ಲಿ ತಿರುಗಿ ಬರ್ಲಿಲ್ಲ. ನಿಮ್ಮ ದಾದಾ ಬೈತಾರಂತ ಇದನ್ನ ಮಾಡಿಸಿಟ್ಟೆ. ನೀ ಇನ್ನೂ ಹುಟ್ಟಿರ್ಲಿಲ್ಲ."

"ಹಂಗಾರ ನನ್ನ ಕಾಲಿಗ ಕಟ್ಟಿದ್ದು?"

"ಓಡ್ಯಾಡಾಕತ್ತಿಲ್ಲೇನು ನೀ? ಬಾಯಿ ಮುಚ್ಚಿ ಕಟ್ಟು ಬೇಟಾ, ಭಾಳ ನೋಯಾಕತ್ತದ."

ಮೇಲೆ ಬರೆದಿಟ್ಟುಕೊಳ್ಳಿ ಎಂದದ್ದನ್ನು ಅಳಿಸಿಬಿಡಿ. ನಿಜಕ್ಕೂ ಆದದ್ದಿಷ್ಟು: ವಸೀಮ್ ಅಜ್ಜಿಯ ಕಾಲ ಬುಡದಲ್ಲಿ ಕುಳಿತ. ಕೈಯಲ್ಲಿದ್ದ ಬಿಲ್ಲೆಗಳನ್ನು ಇದೋ ಅದೋ ಎಂದು ತಿರುವಿ ತಿರುವಿ ನೋಡಿದ. ಕೊನೆಗೆ ಎರಡನ್ನೂ ಕಟ್ಟಿದ.