ಕೊರತೆ ಇಲ್ಲದ ಕಲ್ಲು

ಗುಡ್ಡಗಳಿಗೆ ಮನುಷ್ಯರ ಪ್ರವೇಶ ನಿಂತ ಮೇಲೆ ಭೂವಿಜ್ಞಾನಿಗಳೆಲ್ಲ ಡೇಟಾ ಕೆಲಸಕ್ಕೆ ಸೇರಿದ್ದರು. ಯಂತ್ರಗಳು ಕೊರೆದು ಕಳಿಸುವ ಅಂಕಿಗಳಲ್ಲಿ ಏನಾದರೂ ಕೊರತೆ ಕಂಡರೆ ಮಾತ್ರ, ಆ ಅಂಕಿ ಓದಿದವರನ್ನೇ ಒಂದು ದಿನ ಗುಡ್ಡಕ್ಕೆ ಕಳಿಸುತ್ತಿದ್ದರು. ನೀಲಾಂಬಿಕೆಗೆ ಆ ದಿನ ಇನ್ನೂ ಬಂದಿರಲಿಲ್ಲ.

ಕಲಾದಗಿಯ ಕಲ್ಲೊಂದು ಪರದೆಯ ಮೇಲೆ ಬಂತು.

“ಆಗೆಲ್ಲಾ ಕಲ್ಲು ಹೆಂಗ ಗುರುತು ಹಿಡೀತಿದ್ರಿ ಅವ್ವಾ?” ಮಗಳು ಕೇಳಿದಳು.

“ನೆಕ್ಕಿ ನೋಡ್ತಿದ್ವಿ. ಜೇಡಿ ಇದ್ರ ನಾಲಗಿಗೆ ಅಂಟತಿತ್ತು, ಉಸುಕಿದ್ರ ಹಲ್ಲಾಗ ಕರಕರ ಅಂತಿತ್ತು.”

“ಥೂ. ಹಂಗಾರ ರುಚಿ ತಿಳೀವಲ್ದು ಅಂತ ಬರದು ಗುಡ್ಡಕ್ಕ ಹೋಗಿ ಬಾ ಬೇ.”

ನೀಲಾಂಬಿಕೆ ನಕ್ಕಳು. ಜೇಡಿಯೆಷ್ಟು, ಉಸುಕೆಷ್ಟು, ಎಲ್ಲವೂ ಅಂಕಿಯಲ್ಲಿತ್ತು. ‘ಕೊರತೆ ಇಲ್ಲ’ ಎಂದು ಬರೆದು ಕಳಿಸಿದಳು.

ಮುಂದಿನ ಕಲ್ಲು ಬಂತು. ಇದರಲ್ಲಾದರೂ ಏನಾದರೂ ಬಿಟ್ಟುಹೋಗಿರಲಿ ಎಂದು ಹಾರೈಸುತ್ತ, ಮೊದಲ ಅಂಕಿಯಿಂದ ಓದತೊಡಗಿದಳು.