ಉಳಿದಿದ್ದ ಒಂದು ತಟ್ಟೆ

ಅನ್ವಿತಾ ಅಡುಗೆಮನೆಯ ಓವನ್ನಿನ ಬಾಗಿಲು ತೆಗೆದು ಮೂರು ಪುಟ್ಟ ತಟ್ಟೆಗಳನ್ನು ಹೊರಗಿಟ್ಟಳು. ಒಳಗಿನ ದೀಪವೊಂದನ್ನೇ ಹಾಕಿ ಅಜ್ಜಿ ಕಾತ್ಯಾಯಿನಿ ಮೊಸರಿಗೆ ಹೆಪ್ಪು ಹಾಕಿಡುತ್ತಿದ್ದ ಬೆಚ್ಚನೆಯ ಜಾಗ ಅದು. ಮೊಮ್ಮಗಳ ಸೈನ್ಸ್ ಫೇರ್ ಪುಣ್ಯದಿಂದ ಮೂರು ದಿನದಿಂದ ಮನೆಯಲ್ಲಿ ಅಂಗಡಿಯ ಮೊಸರು.

ತಟ್ಟೆಗಳಲ್ಲಿದ್ದ, ಕ್ರಿಮಿ ಬೆಳೆಸುವ ಜೆಲ್ಲಿನ ಮೇಲೆ ಬೆರಳೊತ್ತಿದ್ದವರು ಕಾತ್ಯಾಯಿನಿಯೇ. ಮೊದಲನೆಯದಕ್ಕೆ ತೊಳೆಯದ ಕೈ, ಎರಡನೆಯದಕ್ಕೆ ಸಾದಾ ಸೋಪಿನಲ್ಲಿ ತೊಳೆದದ್ದು, ಮೂರನೆಯದಕ್ಕೆ ಕ್ರಿಮಿ ಕೊಲ್ಲುವ ಸೋಪಿನಲ್ಲಿ ತೊಳೆದದ್ದು. ಈಗ ನೋಡಿದರೆ ಎರಡನೆಯದರಲ್ಲಿ ನಾಲ್ಕಾರು ಬಿಳಿ ಚುಕ್ಕೆ. ಮೂರನೆಯದರಲ್ಲಿ ರವೆ ಚೆಲ್ಲಿದ ಹಾಗೆ!

“ಇಟ್ಸ್ ಆಲ್ ರಾಂಗ್, ಅಜ್ಜಿ.” ಹುಡುಗಿ ಮೂಗೆಳೆದುಕೊಂಡಳು. “ಮಂಡೇ ಫೇರ್ ಇದೆ. ಎಲ್ಲಾರೂ ನಗ್ತಾರೆ.”

ಅವಳಪ್ಪ ಶಶಾಂಕ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. “ಎರಡ್ನೇದು ಮೂರ್ನೇದು ಲೇಬಲ್ ಸ್ವಿಚ್ ಮಾಡ್ಬಿಡು ಪುಟ್ಟಿ. ಯಾರಿಗ್ ಗೊತ್ತಾಗುತ್ತೆ?”

ಅನ್ವಿತಾ ಲೇಬಲ್ಲಿನ ಅಂಚನ್ನು ಉಗುರಿನಿಂದ ಎಬ್ಬಿಸತೊಡಗಿದಳು.

ಕಾತ್ಯಾಯಿನಿಗೆ ಕೂತಲ್ಲೇ ಚಡಪಡಿಕೆ. ಮಗನಿರುವ ಈ ಪರದೇಶದ ಊರು ಆಶ್‌ಬರ್ನಿಗೆ ಬಂದ ದಿನದಿಂದ “ಕೈ ತೊಳೆದ್ರಾ?” ಎಂದು ಮನೆಯವರನ್ನೆಲ್ಲ ಗದರುತ್ತಿದ್ದವರು ಅವರು. ಈಗ ಬಾಯಿ ಬಿಟ್ಟರೆ ಮಗ ಜನ್ಮವೆಲ್ಲ ಆಡಿಕೊಳ್ಳುತ್ತಾನೆ. ಲೇಬಲ್ಲು ಅರ್ಧ ಎದ್ದಿತ್ತು.

“ಕೀಳ್ಬೇಡ ಬಿಡೇ. ಸೋಪಿನ ತಪ್ಪಲ್ಲ. ಗಾಳಿಗೇ ಆರಿಸು ಅಂದಿದ್ದೆ ನೀನು. ಮೂರನೇ ಸಲ ಮರೆತು ಸೆರಗಿಗೆ ಒರೆಸ್ಕೊಂಡ್ಬಿಟ್ಟೆ. ಬೆಳಿಗ್ಗೆಯಿಂದ ಬಿಸಿ ಪಾತ್ರೆ ಇಳಿಸಿದ ಸೆರಗು.”

ಶಶಾಂಕ ಹೋ ಎಂದು ನಕ್ಕ. “ಅಮ್ಮಾ, ನೀನಾ! ಮಡಿ ಮಡಿ ಅಂತ ನಮ್ಮ ಪ್ರಾಣ ತೆಗೆದವಳು!”

“ನಗು, ನಗು. ಈ ಸೆರಗಲ್ಲಿ ಒರೆಸ್ಕೊಂಡೇ ಬೆಳೆದಿದ್ದು ನೀನು.”

ಅನ್ವಿತಾ ನಗಲಿಲ್ಲ. ಎದ್ದ ಲೇಬಲ್ಲನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಡಬ್ಬಿಯಲ್ಲಿ ಉಳಿದಿದ್ದ ಒಂದೇ ಒಂದು ಹೊಸ ತಟ್ಟೆಯನ್ನು ತಂದಳು.

“ಮತ್ತೆ ಕೈ ತೊಳೀಲೇನೇ?”

“ನೋ ಅಜ್ಜಿ. ಸೆರಗು ಕೊಡು.”

ಸೆರಗಿನ ತುದಿಯನ್ನು ಜೆಲ್ಲಿನ ಮೇಲೆ ಮೆಲ್ಲಗೆ ಒತ್ತಿ ಮುಚ್ಚಳ ಹಾಕಿದಳು. ಮೇಲೆ ‘ಅಜ್ಜಿಯ ಸೆರಗು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಓವನ್ನಿನ ದೀಪದ ಕೆಳಗಿಟ್ಟು ಬಂದಳು. ಬಂದವಳು ಅಜ್ಜಿಯ ಪಕ್ಕ ಕೂತು, ಅದೇ ಸೆರಗನ್ನು ಎಳೆದುಕೊಂಡು ಕಣ್ಣು, ಮೂಗು ಒರೆಸಿಕೊಂಡಳು.